ಸೊನ್ನೆಯ ಮುಂದಿನ ಗೆರೆ

ಕಚೇರಿಯಲ್ಲಿ ಎಲ್ಲರೂ ಗೆರೆಯಕ್ಕ ಎಂದು ಕರೆಯುತ್ತಿದ್ದ ಆಕೆ ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಂಡ ದರ್ಜಿ, ಒಬ್ಬಳೇ ಮಗಳು ಆಸ್ಪತ್ರೆಯಲ್ಲಿ ದಾದಿ.

ಆಕೆಯ ಕಸುಬು ಕಂಪೈಲರನ್ನು ಪರೀಕ್ಷಿಸುವುದು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಬದಲಿಸುವ ಆ ತಂತ್ರಾಂಶ ಎಲ್ಲಿ ಎಡವುತ್ತದೆಂದು ಹುಡುಕಿ, ಪ್ರತಿ ಪರೀಕ್ಷೆಗೂ ಸರಿಯುತ್ತರವನ್ನು ಬರೆದಿಡುತ್ತಿದ್ದರು. ಅವರ ಪಾಲಿಗೆ ಬಂದದ್ದು ದಶಮಾಂಶ ಸಂಖ್ಯೆಯ ಚಿಹ್ನೆ ಬದಲಿಸುವ ಆಜ್ಞೆ. ಐದನ್ನು ಋಣ ಐದು ಮಾಡುವುದರಲ್ಲಿ ಪರೀಕ್ಷಿಸಲು ಏನಿದೆಯೆಂದು ನಕ್ಕವರೇ ಹೆಚ್ಚು.

ಚಿಹ್ನೆಯನ್ನಷ್ಟೇ ತಿರುವಬೇಕಾದಲ್ಲಿ ಹೊಸ ಕಂಪೈಲರು ಸೊನ್ನೆಯಿಂದ ಆ ಸಂಖ್ಯೆಯನ್ನು ಕಳೆಯುತ್ತಿತ್ತು. ಮಿಕ್ಕ ಸಂಖ್ಯೆಗಳಿಗೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಆದರೆ ಗಣಕ ಸೊನ್ನೆಗೂ ಚಿಹ್ನೆ ಇಡುತ್ತದೆ; ಋಣ ಸೊನ್ನೆ ಬರಬೇಕಾದಲ್ಲಿ ಬರಿಯ ಸೊನ್ನೆ ಬಂತು. ಸೊನ್ನೆಯನ್ನು ಯಾವ ಕಡೆಯಿಂದ ತಲುಪಿದೆವೆಂಬ ಗುರುತು ಆ ಋಣದ ಗೆರೆಯಲ್ಲಿರುತ್ತದೆ. ಅದು ಅಳಿದರೆ, ಕೋನ ನೋಡಿ ತಿರುಗುವ ಯಂತ್ರ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋದೀತು. ಇದನ್ನು ಆಕೆ ಮ್ಯಾನೇಜರಿಗೆ ಪತ್ರದಲ್ಲಿಯೂ ಬರೆದರು, ಎದುರು ನಿಂತೂ ಹೇಳಿದರು.

"ಬಿಡುಗಡೆಗೆ ನಾಲ್ಕೇ ದಿನ ಇದೆ ಅಕ್ಕ. ಸೊನ್ನೆಗೆ ಎಡ ಏನು, ಬಲ ಏನು? ನೀವು ಬರೆದಿರೋ ಉತ್ತರದಲ್ಲಿ ಗೆರೆ ತೆಗೀರಿ, ಪರೀಕ್ಷೆ ಪಾಸಾಗುತ್ತೆ," ಎಂದರು ಮ್ಯಾನೇಜರು.

"ಜ್ವರ ಇಳೀಲಿಲ್ಲ ಅಂತ ಥರ್ಮಾಮೀಟರಿನ ಅಂಕಿ ತಿದ್ದೋಕಾಗುತ್ತಾ ಸಾರ್?"

"ನಿಮ್ಮ ಬಾಯಿಗೇ ಒಂದು ಪರೀಕ್ಷೆ ಬರೀಬೇಕು."

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೆಣಕಿದರು: "ಇಷ್ಟು ದಿನ ಏನಾದರೊಂದಕ್ಕೆ ಜಗಳ ಆಡ್ತಿದ್ದೆ. ಈಗ ಸೊನ್ನೆಗೂ ಶುರು ಮಾಡಿದೆಯಾ?"

"ರೀ, ಬಲತೋಳು ಎಡಕ್ಕೆ ಹೊಲಿದುಕೊಟ್ಟು, ಬಟ್ಟೆ ಅಷ್ಟೇ ಇದೆಯಲ್ಲ ಅಂದ್ರೆ ಗಿರಾಕಿ ಸುಮ್ಮನಿರ್ತಾನಾ?"

ದರ್ಜಿ ಕೈಲಿದ್ದ ತೋಳನ್ನು ಎಡವೋ ಬಲವೋ ಎಂದು ತಿರುಗಿಸಿ ನೋಡಿದರು.

ಮಾರನೆಯ ದಿನ ಆಕೆ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದರು. ಆ ಒಂದೇ ದಿನದಲ್ಲಿ ಮ್ಯಾನೇಜರು ತಾವೇ ಉತ್ತರವನ್ನು ತಿದ್ದಿ, ದಾಖಲೆಯಲ್ಲಿ ಒಂದು ಸಾಲು ಸೇರಿಸಿದರು: "ಪರೀಕ್ಷಕಿಯ ಒಪ್ಪಿಗೆಯ ಮೇರೆಗೆ." ಊದಿದ ಕೆನ್ನೆ ಹೊತ್ತು ಮರಳಿದ ಆಕೆಯ ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು, ಅಂದರೆ ಪರೀಕ್ಷೆಗಳೆಲ್ಲ ಪಾಸು. ಕಂಪೈಲರನ್ನು ಸರಿಪಡಿಸಿದ್ದಾರೆಂದು ನಂಬಿದರು. ತಮ್ಮ ಬದುಕಿನಲ್ಲಿ ಪರೀಕ್ಷಿಸದೆ ನಂಬಿದ್ದು ಅದೊಂದನ್ನೇ.

ಐದು ತಿಂಗಳ ಮೇಲೆ ಗೋದಾಮೊಂದರಲ್ಲಿ ಸರಕು ಎತ್ತುವ ಯಂತ್ರದ ತೋಳು ತಿರುಗಬಾರದ ದಿಕ್ಕಿಗೆ ತಿರುಗಿ, ಕೂಲಿಯೊಬ್ಬನ ಭುಜ ಮುರಿಯಿತು. ವಿಚಾರಣೆಯ ಮೇಜಿನ ಮೇಲೆ ಆ ಸಾಲು ಬಂತು. ಆಕೆ ತಮ್ಮ ಪತ್ರವನ್ನು ತೋರಿಸಿದರು. "ಅದು ಮೊದಲಿನದು. ಆಮೇಲೆ ಬಾಯಲ್ಲಿ ಒಪ್ಪಿದ್ರು," ಎಂದರು ಮ್ಯಾನೇಜರು, ಕಣ್ಣು ಮಿಟುಕಿಸದೆ. ಪಕ್ಕದ ಮೇಜುಗಳ ಗೆಳೆಯರಲ್ಲಿ ಅಂದು ಒಬ್ಬರಿಗೂ ಏನೂ ನೆನಪಿರಲಿಲ್ಲ. ಆಕೆಯನ್ನು ಕೆಲಸದಿಂದ ತೆಗೆದರು.

"ಕೆಲಸ ಬೇಡ ಸಾರ್. ಆ ಸಾಲು ಅಳಿಸಿ, ಸಾಕು."

"ಹಳೇ ದಾಖಲೆ ಮುಟ್ಟೋ ಹಾಗಿಲ್ಲ ಅಕ್ಕ. ನಿಯಮ."

ಕಂಪೈಲರನ್ನು ಒಂದೇ ವಾರದಲ್ಲಿ ಸರಿಪಡಿಸಿದರು. ಆಕೆ ಮನೆಯಲ್ಲಿ ಗುಂಡಿ ಹೊಲಿಯುತ್ತ ಎರಡು ವರ್ಷ ಬದುಕಿದರು.

ಬಿಟ್ಟುಹೋದದ್ದು: ಓದುವ ಕನ್ನಡಕ ಒಂದು, ಗುಂಡಿ ಹೊಲಿಯದೆ ಉಳಿದ ಏಳು ಅಂಗಿ, ಅಮ್ಮನ ಹಟವೇ ಮೈವೆತ್ತಂತಿರುವ ಮಗಳು, ಇಂದಿಗೂ ದಿನಾ ಓಡುವ ಇನ್ನೂರ ಹದಿನಾಲ್ಕು ಪರೀಕ್ಷೆಗಳು, ಆ ಸಾಲನ್ನು ಅಳಿಸಿರೆಂದು ಬರೆದ, ಉತ್ತರ ಬಾರದ ಮೂರು ಅರ್ಜಿಗಳ ಪ್ರತಿ.