ಎರಡು ಯಂತ್ರಗಳ ಮ.ಸಾ.ಅ.

೨೦೧೧ರಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಟೆಸ್ಟ್ ಎಂಜಿನಿಯರ್. ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ನನ್ನ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಲಾರಿ ಹತ್ತುವಂತಿರಲಿಲ್ಲ. ಅತ್ತಿಬೆಲೆಯಲ್ಲಿ ಜೀವನವಿಡೀ ಲಾರಿಗೆ ಪೆಟ್ಟಿಗೆ ಹೇರಿದವರ ಮಗಳಿಗೆ, ಮನೆಯಲ್ಲಿ ಮೊದಲು ಡಿಗ್ರಿ ಕಂಡವಳಿಗೆ, ಇದು ಸಣ್ಣ ಮಾತಲ್ಲ. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಯಂತ್ರದ ಭದ್ರತೆ ನಿಂತಿದ್ದದ್ದು ಅವಿಭಾಜ್ಯ ಸಂಖ್ಯೆಗಳ ಮೇಲೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅದು. ಪ್ರತಿ ಯಂತ್ರವೂ ನೂರೈವತ್ತೈದು ಅಂಕಿಗಳ ಇಂಥ ಎರಡನ್ನು ತಾನೇ ಹುಡುಕಿಕೊಂಡು ಗುಣಿಸಿ, ಗುಣಲಬ್ಧವನ್ನಷ್ಟೇ ಹೊರಗೆ ಹೇಳುತ್ತದೆ. ಗುಣಿಸುವುದು ಕ್ಷಣದ ಕೆಲಸ. ಗುಣಲಬ್ಧದಿಂದ ಆ ಎರಡನ್ನು ಮರಳಿ ಪಡೆಯುವುದು ನಮ್ಮ ಕಂಪ್ಯೂಟರುಗಳ ಕೈಲಾಗದ್ದು, ಅದೇ ಯಂತ್ರದ ಬೀಗ.

ಮೊದಲ ಬ್ಯಾಚ್ ಹೊರಡುವ ದಿನ. ಪರೀಕ್ಷೆಗಳೆಲ್ಲ ಪಾಸು. ಲೈನ್ ಸೂಪರ್‌ವೈಸರ್ ಮಂಜಣ್ಣ ಯಂತ್ರದೊಳಗೆ ಕೂರುವ ಬೋರ್ಡುಗಳಲ್ಲಿ ಒಂದನ್ನು ಚಾಲೂ ಮಾಡಿ ನೋಡಿ, ಅದರ ಮೆಮೊರಿಯನ್ನೇ ಉಳಿದವಕ್ಕೆಲ್ಲ ನಕಲು ಮಾಡಿಸಿದ್ದರು. ಹಿಂದೆ ತೂಕದ ಯಂತ್ರಗಳಿಗೂ ಹಾಗೇ ಮಾಡುತ್ತಿದ್ದರಂತೆ.

"ಒಂದೇ ಹಿಟ್ಟು ಮೇಡಂ. ಇಡ್ಲಿ ಬೇರೆ ಬೇರೆ ರುಚಿ ಬರುತ್ತಾ? ಕಣ್ಮುಚ್ಕೊಂಡು ಸಹಿ ಹಾಕಿ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಸಂಖ್ಯೆಗಳ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂಬ ಗುರುತೂ ಅದೇ ಮೆಮೊರಿಯಲ್ಲಿ ಇರುತ್ತದೆ. ಎಲ್ಲವೂ ಒಂದೇ ಕಡೆಯಿಂದ ಹೊರಟರೆ?

ಮ್ಯಾನೇಜರ್ ಹತ್ತಿರ ಹೋಗಿ ಅನುಮಾನ ಹೇಳಿದೆ.

"ಲಾರಿ ಕಾಯ್ತಿದೆ ಕಣಮ್ಮ. ಮುನ್ನೂರು ಅಂಕಿ ಸಂಖ್ಯೆನ ನೀನು ಒಡೀತೀಯಾ?"

"ಒಂದೇ ಕೊಟ್ರೆ ಆಗಲ್ಲ ಸಾರ್. ಎರಡು ಕೊಡಿ."

ಆರನೇ ತರಗತಿಯಲ್ಲಿ, ನಮ್ಮ ಸರ್ಕಾರಿ ಕನ್ನಡ ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮ.ಸಾ.ಅ., ನನಗಿದ್ದ ಆಯುಧ. ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಆ ಚಿಕ್ಕದನ್ನು ಶೇಷದಿಂದ ಭಾಗಿಸು, ಶೇಷ ಸೊನ್ನೆಯಾಗುವವರೆಗೂ ಹೀಗೇ. ಎರಡು ಸಂಖ್ಯೆಗಳು ಒಂದೇ ಅವಿಭಾಜ್ಯವನ್ನು ಹಂಚಿಕೊಂಡಿದ್ದರೆ ಅದು ಕೊನೆಯಲ್ಲಿ ಹೊರಗೆ ಬಂದು ನಿಲ್ಲುತ್ತದೆ. ೭೭ ಮತ್ತು ೯೧ ಕೊಟ್ಟರೆ ೭ ಸಿಗುವ ಹಾಗೆ.

ಎರಡು ಯಂತ್ರಗಳ ಗುಣಲಬ್ಧಗಳನ್ನು ಕಂಪ್ಯೂಟರಿಗೆ ಕೊಟ್ಟೆ. ಎಲ್ಲ ಸರಿಯಿದ್ದರೆ ಉತ್ತರ ೧ ಎಂದು ಬರಬೇಕು. ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ನೂರೈವತ್ತೈದು ಅಂಕಿಗಳು ಪರದೆಯ ಮೇಲಿದ್ದವು. ಹುಡುಕಾಟದ ನಡುವೆ ಯಂತ್ರದ ಗಡಿಯಾರದ ಸಮಯ ಬೆರೆತು ಎರಡನೆಯ ಅವಿಭಾಜ್ಯ ಬೇರೆಯಾಗಿತ್ತು, ಅದಕ್ಕೇ ಗುಣಲಬ್ಧಗಳು ಬೇರೆ ಕಂಡಿದ್ದವು. ಮೊದಲನೆಯದು ಎರಡರಲ್ಲೂ ಒಂದೇ. ಗುಣಲಬ್ಧಗಳನ್ನು ಅದರಿಂದ ಭಾಗಿಸಿದೆ, ಎರಡು ಬೀಗಗಳೂ ತೆರೆದುಕೊಂಡವು.

ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಕೂತರು. "ಲಾರಿ ವಾಪಸ್ ಕಳಿಸ್ರೀ ಮಂಜಣ್ಣ."

"ಇಡ್ಲಿ ಎಲ್ಲಾ ಒಂದೇ ರುಚಿ ಆಗೋಯ್ತು ಮೇಡಂ" ಎಂದು ಮಂಜಣ್ಣ ತಲೆ ಕೆರೆದುಕೊಂಡರು. ಪ್ರತಿ ಬೋರ್ಡಿಗೂ ಬೇರೆ ಆರಂಭ ಕೊಟ್ಟು, ಎಲ್ಲವನ್ನೂ ಜೋಡಿ ಜೋಡಿಯಾಗಿ ಪರೀಕ್ಷಿಸಿದ ಮೇಲೆ ಸಹಿ ಹಾಕಿದೆ. ಒಂದೊಂದನ್ನೇ ನೋಡಿ ಪಾಸು ಮಾಡಿದರೆ ಸಾಲದು, ಪಕ್ಕದ್ದರ ಜೊತೆ ಇಟ್ಟೂ ನೋಡಬೇಕು ಎಂದು ಈ ವೃತ್ತಿ ನನಗೆ ಕಲಿಸಿದ್ದು ಅಲ್ಲಿ.

ಕೆಲಸ ಖಾಯಂ ಆದ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವಿಭಾಜ್ಯ ಅವರಿಗೆ ಅರ್ಥವಾಗಲಿಲ್ಲ, ಲಾರಿ ಅರ್ಥವಾಯಿತು.

"ನಾನು ಜೀವ್ನ ಪೂರ್ತಿ ಲಾರಿ ತುಂಬ್ದೆ. ನೀನು ಖಾಲಿ ಲಾರಿ ಕಳ್ಸಿ ಕೆಲ್ಸ ಖಾಯಂ ಮಾಡ್ಕೊಂಡ್ಯಲ್ಲವ್ವ!" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು.