‘ಇಳಿದೆ’ ಅನ್ನುವ ತನಕ

ಬೆಳಗಿನ ಐದೂ ಮುಕ್ಕಾಲು. ರೈಲ್ವೆ ಯಾರ್ಡಿನ ಕಲ್ಲಿದ್ದಲು ಗೋಪುರದ ನಡುಮಟ್ಟದ ಕಬ್ಬಿಣದ ಅಟ್ಟಣಿಗೆಯ ಮೇಲೆ, ಇಲ್ಲಿನವರೆಲ್ಲ ಹಗ್ಗದಕ್ಕ ಎಂದು ಕರೆಯುವ ಹೆಂಗಸು ನಿಂತಿದ್ದಾರೆ. ಬಲಗೈಯಲ್ಲಿ ಸುತ್ತಿಗೆ, ಎಡಗೈಗೆ ಎಟುಕುವಂತೆ ಹಗ್ಗ. ತಲೆಯ ಮೇಲಿನ ತೊಟ್ಟಿಯಲ್ಲಿ ನೂರು ಟನ್ ಕಲ್ಲಿದ್ದಲು, ಕಾಲ ಕೆಳಗೆ ಬುಸುಗುಡುವ ಉಗಿ ಎಂಜಿನ್. ತೊಟ್ಟಿಯ ತಗಡಿಗೆ ಒಮ್ಮೆ ಬಡಿದು ಕಿವಿ ಕೊಡುತ್ತಾರೆ. ಸದ್ದು ಅವರಿಗೆ ಹಿಡಿಸುವುದಿಲ್ಲ. ಅವರ ಕೆಲಸದ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ನಿಂತ ನನ್ನತ್ತ ತಿರುಗುತ್ತಾರೆ.

“ರಾತ್ರಿ ಮಳೆ ಬಿದ್ದಿದೆ ನೋಡಿ. ಒದ್ದೆ ಕಲ್ಲಿದ್ದಲು ಒಂದಕ್ಕೊಂದು ಅಂಟಿಕೊಂಡು ಒಳಗೆ ಕಮಾನು ಕಟ್ಟತ್ತೆ. ಬೀಳೋದೇ ಇಲ್ಲ. ಬಿದ್ರೆ ಎಲ್ಲಾ ಒಟ್ಟಿಗೇ ಬೀಳತ್ತೆ.”

ಆರೂ ಹತ್ತಕ್ಕೆ ಈ ಎಂಜಿನ್ ಗಣಿ ಕೆಲಸಗಾರರ ರೈಲು ಎಳೆದು ಹೊರಡಬೇಕು. ಕೆಳಗೆ ಯಾರ್ಡಿನ ಮೇಲ್ವಿಚಾರಕರು ಕೈಗಡಿಯಾರ ನೋಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಗಡಿಯಾರ ಸಾಹೇಬರು ಅನ್ನುತ್ತಾರೆ. ತಡ ಮಾಡಿದ್ದಕ್ಕೆ ಹಗ್ಗದಕ್ಕನಿಗೆ ಈಗಾಗಲೇ ಎರಡು ನೋಟಿಸ್ ಬಂದಿವೆ. ಮೂರನೆಯದು ಬಂದರೆ ಹಗ್ಗ ಬಿಟ್ಟು ಬೂದಿ ಗುಂಡಿಯ ಕೆಲಸಕ್ಕೆ ಇಳಿಯಬೇಕು.

“ಬೂದಿ ಬಾಚೋಕೆ ನಾಚಿಕೆ ಏನಿಲ್ಲ,” ಅನ್ನುತ್ತಾರೆ. “ನನ್ನ ಜಾಗಕ್ಕೆ ಬರೋರು ಕಾಯ್ತಾರಾ ಅನ್ನೋದೇ ಭಯ.”

ಅವರ ಅಪ್ಪನ ಕಾಲದಲ್ಲಿ ಇಪ್ಪತ್ತು ಜನ ಬುಟ್ಟಿ ಹೊತ್ತು, ಹಲಗೆ ಹತ್ತಿ, ಒಂದು ಎಂಜಿನ್ ತುಂಬಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತಂತೆ. ಗೋಪುರ ಬಂದ ಮೇಲೆ ಹಾಗಿಲ್ಲ. ವ್ಯಾಗನ್ನಿನಿಂದ ಗುಂಡಿಗೆ ಸುರಿದ ಕಲ್ಲಿದ್ದಲನ್ನು ಬಕೆಟ್ಟುಗಳ ಸರಪಳಿ ಮೇಲಿನ ತೊಟ್ಟಿಗೆ ಒಯ್ಯುತ್ತದೆ. ಎಂಜಿನ್ ಕೆಳಗೆ ಬಂದು ನಿಂತಾಗ ಇಳಿಜಾರು ತಗಡನ್ನು ಬಾಗಿಸಿ ಹಗ್ಗ ಎಳೆದರೆ ತೊಟ್ಟಿಯ ಬಾಗಿಲು ತೆರೆಯುತ್ತದೆ. ಎಂಜಿನ್ನಿನ ಬೆನ್ನಿಗಿರುವ ಕಲ್ಲಿದ್ದಲು ಬಂಡಿಗೆ, ಅಂದರೆ ಟೆಂಡರಿಗೆ, ಮೂರೇ ನಿಮಿಷದಲ್ಲಿ ಆರು ಟನ್. ದಿನಕ್ಕೆ ಹನ್ನೊಂದು ಎಂಜಿನ್. ಹತ್ತಿ ಇಳಿಯಲು ತೊಂಬತ್ತಾರು ಮೆಟ್ಟಿಲು, ಮಂಡಿನೋವು ಸಂಬಳದ ಜೊತೆ ಪುಕ್ಕಟೆ.

ಬಿದ್ದ ಕಲ್ಲಿದ್ದಲು ತಾನಾಗಿ ಹರಡಿಕೊಳ್ಳುವುದಿಲ್ಲ, ಗುಡ್ಡೆಯಾಗುತ್ತದೆ. ಅರ್ಧ ತುಂಬಿದ ಮೇಲೆ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಟೆಂಡರ್ ಹತ್ತಿ ಸಲಿಕೆಯಿಂದ ಸಮ ಮಾಡಿ ಇಳಿಯಬೇಕು. ಆಮೇಲೆ ಉಳಿದರ್ಧ. ಅಟ್ಟಣಿಗೆಯಿಂದ ನೋಡಿದರೆ ತಗಡು ಅಡ್ಡ, ಧೂಳು ಬೇರೆ. ಟೆಂಡರಿನೊಳಗೆ ಯಾರಿದ್ದಾರೆ ಅನ್ನುವುದು ಹಗ್ಗದಕ್ಕನಿಗೆ ಕಾಣುವುದೇ ಇಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಹೀಗೇ ಒಂದು ಬೆಳಿಗ್ಗೆ ಚಾಲಕನ ಸೀಟಿ ಕೇಳಿ, ಫೈರ್‌ಮನ್ ಇಳಿದನೆಂದುಕೊಂಡು ಅವರು ಹಗ್ಗ ಎಳೆದರು. ಒಳಗಿದ್ದವನು ಒಡಹುಟ್ಟಿದ ತಮ್ಮ.

ಆ ತಮ್ಮ ಈಗ ಗುಂಡಿಯ ಬಳಿ ಬಕೆಟ್ ಸರಪಳಿ ಓಡಿಸುತ್ತಾನೆ. ಎಡಗೈಯಲ್ಲಿ ಮೂರೇ ಬೆರಳು. “ಅಕ್ಕ ನನಗೆ ಹೊಡೆದಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಎರಡು ಟನ್ ತೂಕದಲ್ಲಿ!” ಎಂದು ನಗುತ್ತಾನೆ. ಅಕ್ಕ ನಗುವುದಿಲ್ಲ.

“ಬರಿಗೈಯಲ್ಲಿ ತೋಡಿದೆ. ಮುಖ ಸಿಕ್ತು, ಉಸಿರಿತ್ತು. ಅವತ್ತಿಂದ ಸೀಟಿಗೂ ಬಗ್ಗಲ್ಲ, ಬಾವುಟಕ್ಕೂ ಬಗ್ಗಲ್ಲ. ಹತ್ತಿದವನ ಬಾಯಿಂದಲೇ ‘ಇಳಿದೆ’ ಅಂತ ಬರಬೇಕು.”

ಆರು ಗಂಟೆ. ಮೊದಲ ಎಳೆತಕ್ಕೆ ಮೂರು ಟನ್ ಬಿದ್ದು ನಿಂತುಬಿಡುತ್ತದೆ. ಹಗ್ಗದಕ್ಕ ಬಾಗಿಲು ಮುಚ್ಚುತ್ತಾರೆ. ವಾರದ ಹಿಂದಷ್ಟೇ ಈ ಯಾರ್ಡಿಗೆ ಬಂದ ಫೈರ್‌ಮನ್, ಎರಡು ಮಕ್ಕಳ ತಂದೆ, ಸಲಿಕೆ ಹಿಡಿದು ಟೆಂಡರ್ ಹತ್ತುತ್ತಾನೆ. ನಾನು ಕೆಳಗೆ ಬಂದು ಸಾಹೇಬರ ಪಕ್ಕ ನಿಲ್ಲುತ್ತೇನೆ. ಮೇಲೆ ಸುತ್ತಿಗೆಯ ಪೆಟ್ಟು ಒಂದೇ ಸಮನೆ ಬೀಳುತ್ತಿದೆ. ಇದ್ದಕ್ಕಿದ್ದಂತೆ ತೊಟ್ಟಿಯೊಳಗೆ ಧಬ್ಬೆಂದು ಏನೋ ಕುಸಿಯುತ್ತದೆ. ಕಮಾನು ಮುರಿದಿದೆ. ಈಗ ಹಗ್ಗ ಎಳೆದರೆ ಉಳಿದ ಮೂರು ಟನ್ನೂ ಒಂದೇ ಏಟಿಗೆ.

ಆರೂ ಎಂಟು. ಚಾಲಕ ಸೀಟಿ ಊದುತ್ತಾನೆ.

“ಇಳಿದ್ಯೇನಪ್ಪಾ?” ಮೇಲಿನಿಂದ ಹಗ್ಗದಕ್ಕನ ಕೂಗು. ಟೆಂಡರಿನ ಕಡೆಯಿಂದ ಉಗಿಯ ಸದ್ದಷ್ಟೇ.

“ಇಳಿದಾಯ್ತು ಕಣಮ್ಮಾ! ನಾನೇ ಕಣ್ಣಾರೆ ನೋಡಿದೆ, ಎಳೀರಿ!” ಸಾಹೇಬರು ಕಿರುಚುತ್ತಾರೆ. ಸುಳ್ಳಲ್ಲ, ಅವನು ಇಳಿದದ್ದನ್ನು ನಾನೂ ನೋಡಿದ್ದೇನೆ.

“ಅವನ ಬಾಯಲ್ಲೇ ಹೇಳಿಸಿ ಸಾಹೇಬ್ರೇ.”

“ಮೂರನೇ ನೋಟಿಸ್ ನೆನಪಿದೆ ತಾನೇ?”

“ನೆನಪಿದೆ.”

ಆರೂ ಹದಿಮೂರು. ಮತ್ತೆ ಸೀಟಿ. ನನ್ನ ತಾಳ್ಮೆಯೂ ಕೆಟ್ಟಿದೆ. ಆ ಹಗ್ಗ ನನ್ನ ಕೈಯಲ್ಲಿದ್ದಿದ್ದರೆ ಎಳೆದೇಬಿಡುತ್ತಿದ್ದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಆಗ ಟೆಂಡರಿನೊಳಗಿಂದ ಮಸಿ ಮೆತ್ತಿದ ತಲೆಯೊಂದು ಏಳುತ್ತದೆ.

“ಅಕ್ಕಾ, ಇನ್ನೂ ಒಳಗಿದ್ದೀನಿ! ಸಲಿಕೆ ಬಿಟ್ಟುಬಂದಿದ್ದೆ, ಆ ಕಡೆಯಿಂದ ಮತ್ತೆ ಹತ್ತಿದೆ. ಕಲ್ಲಿದ್ದಲಲ್ಲಿ ಹೂತುಹೋಗಿತ್ತು!”

ಅವನು ಇಳಿದು, ನೆಲದ ಮೇಲೆ ನಿಂತು, ಗಂಟಲು ಹರಿಯುವಂತೆ ಕೂಗುತ್ತಾನೆ: “ಇಳಿದೆ!”

ಹಗ್ಗ ಜಗ್ಗುತ್ತದೆ. ಅವನು ಈಗಷ್ಟೇ ನಿಂತಿದ್ದ ಜಾಗದ ಮೇಲೆ ಮೂರು ಟನ್ ಕಲ್ಲಿದ್ದಲು ಒಂದೇ ಸಲಕ್ಕೆ ಬೀಳುತ್ತದೆ.

ರೈಲು ಒಂಬತ್ತು ನಿಮಿಷ ತಡವಾಗಿ ಹೊರಡುತ್ತದೆ. ಕೆಳಗಿಳಿದು ಬಂದ ಹಗ್ಗದಕ್ಕನನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಸಾಹೇಬರ ಕೈಯಲ್ಲಿರುವ ಮೂರನೇ ನೋಟಿಸಿನ ಕಾಗದದತ್ತ ಕಣ್ಣು ಹಾಯಿಸುತ್ತಾರೆ. “ತಡಕ್ಕೆ ಕಾರಣ ಅಂತ ಅದರಲ್ಲೊಂದು ಸಾಲಿದೆ. ಎರಡು ಸಲವೂ ‘ಕೆಲಸಗಾರ್ತಿಯ ಅಲಕ್ಷ್ಯ’ ಅಂತ ಬರೆದ್ರು. ಒಂದ್ಸಲ ನಿಜ ಬರೆದ್ರೆ ಸಾಕು.”

ಸಾಹೇಬರು ತಲೆ ಎತ್ತದೆ ಏನೋ ಗೀಚಿ, ಕಾಗದವನ್ನು ಅವರ ಕೈಗೇ ಕೊಡುತ್ತಾರೆ. ಹಗ್ಗದಕ್ಕ ಅಂಗೈ ಒರೆಸಿಕೊಂಡು ನಿಧಾನವಾಗಿ ಓದುತ್ತಾರೆ. ‘ಕಾರಣ: ಮನುಷ್ಯ ಒಳಗಿದ್ದ.’

“ಅಕ್ಕಾ, ಇನ್ನೊಂದು ಎಂಜಿನ್ ಬಂತು!” ಗುಂಡಿಯ ಕಡೆಯಿಂದ ತಮ್ಮ ಕೂಗುತ್ತಾನೆ.

“ನಾನು ಮೇಲೆ ಹೋಗ್ಲಾ ಸಾಹೇಬ್ರೇ, ಬೂದಿ ಗುಂಡಿಗಾ?”

ಗಡಿಯಾರ ಸಾಹೇಬರು ಗಡಿಯಾರ ನೋಡುವುದಿಲ್ಲ. “ಮೇಲೇ ಹೋಗಿ,” ಅನ್ನುತ್ತಾರೆ. “ನಿಧಾನಕ್ಕೆ ಹತ್ತಿ.”