ಹಿಂದಿನ ರೂಮಿನ ರಾಯರು

ಇದನ್ನು ನೀವು ನಂಬುವುದಿಲ್ಲ. ನಂಬಿ ನೋಡೋಣ! ನಂಬಿದರೆ ನೀವು ಸೋತಿರಿ, ನಂಬದಿದ್ದರೆ ನಾನು ಸೋತೆ. ಇಷ್ಟು ವರ್ಷದಲ್ಲಿ ನಾನು ಸೋತದ್ದು ಕಮ್ಮಿ. ನಮ್ಮ ಫ್ಯಾಕ್ಟರಿಯ ದೊಡ್ಡ ಸಾಹುಕಾರರಿಗೇ, ಸಿಂಹ ನೋಡುವ ಮೊದಲು ಚಪ್ಪಲಿ ಬಿಡುವುದು ಕೀನ್ಯಾದ ಸಂಪ್ರದಾಯ ಎಂದು ಹೇಳಿ, ನ್ಯಾಷನಲ್ ಪಾರ್ಕಿನ ತುಂಬ ಬರಿಗಾಲಲ್ಲಿ ಜೀಪಿನಲ್ಲಿ ಕೂರಿಸಿದವನು ನಾನು. ಅವರು ಸಿಂಹಕ್ಕೆ ಕೈ ಕೂಡ ಮುಗಿದರು.

ದೆವ್ವ, ಭೂತ, ಆತ್ಮ ಇವೆಲ್ಲ ನಾನು ತಯಾರಿಸಿ ಹಂಚುತ್ತಿದ್ದ ಸರಕು. ಸ್ವಂತಕ್ಕೆ ಯಾವತ್ತೂ ಬಳಸಿದವನಲ್ಲ. ಅಲ್ಲದೆ ಇಂಥ ಕಥೆಗೆ ನಡುರಾತ್ರಿ ಬೇಕು, ಕರೆಂಟು ಹೋಗಬೇಕು, ನಾಯಿ ಊಳಿಡಬೇಕು. ನನ್ನ ಹತ್ತಿರ ಅದೊಂದೂ ಇಲ್ಲ. ನಡೆದದ್ದು ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ನಾನು ಹಸಿ ಬಟಾಣಿ ಬಿಡಿಸುತ್ತಾ ಕೂತಿದ್ದಾಗ.

ನಾನು ನೈರೋಬಿಗೆ ಬಂದದ್ದು ನಮ್ಮ ದೇಶದವರದ್ದೇ ಒಂದು ಬಣ್ಣದ ಫ್ಯಾಕ್ಟರಿಗೆ, ಪ್ರೊಡಕ್ಷನ್ ಮ್ಯಾನೇಜರ್ ಆಗಿ. ಲೊರೆಶೋದಲ್ಲಿ ಮನೆ. ಮನೆ ದೊಡ್ಡದು, ಇದ್ದವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ವಿಮಲಾ. ಮಕ್ಕಳಾಗಲಿಲ್ಲ. ಆ ಜಾಗವನ್ನು ನೆಂಟರು ತುಂಬಿದರು ಅನ್ನಬೇಕು. ಮಸಾಯಿ ಮಾರಾದಲ್ಲಿ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವ ಕಾಲಕ್ಕೆ ಸರಿಯಾಗಿ ಮೈಸೂರು, ಬೆಂಗಳೂರಿನ ನಮ್ಮ ಹಿಂಡೂ ಸಮುದ್ರ ದಾಟುತ್ತಿತ್ತು. ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆ ಹೊತ್ತುಕೊಂಡು ಬರುವರು. ನಮ್ಮ ಮನೆಯಲ್ಲಿ ಉಂಡು, ಮಲಗಿ, ಆನೆ ನೋಡಿ, ಕಾಫಿಪುಡಿ ಕಟ್ಟಿಸಿಕೊಂಡು ಹೋಗುವರು.

ಹಾಗೆ ಬಂದ ಪ್ರತಿಯೊಬ್ಬರಿಗೂ ನಾವು ರಾಯರನ್ನು ತೋರಿಸುತ್ತಿದ್ದೆವು. ತೋರಿಸುತ್ತಿದ್ದೆವು ಎನ್ನುವುದೂ ಸುಳ್ಳೇ. ತೋರಿಸುತ್ತಿರಲಿಲ್ಲ, ಅದೇ ಮಜಾ. ಹಿಂದಿನ ರೂಮಿನಲ್ಲಿ ಹಾಸನದ ಕಡೆಯ ರಾಯರೊಬ್ಬರು ಇದ್ದಾರೆ, ವಯಸ್ಸಾದವರು, ಹೊರಗೆ ಬರುವುದು ಕಮ್ಮಿ, ಅವರಿಗೆ ಗಲಾಟೆ ಆಗಿಬರುವುದಿಲ್ಲ, ಸ್ವಲ್ಪ ಮೆಲ್ಲಗೆ ಮಾತಾಡಿ ಎನ್ನುತ್ತಿದ್ದೆ. ಬಾಗಿಲ ಮುಂದೆ ಒಂದು ಜೊತೆ ಹಳೆಯ ಚಪ್ಪಲಿ. ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ಕುಡಿದು ಮಗುಚಿಟ್ಟ ಕಾಫಿ ಲೋಟ. ಆ ರೂಮಿಗೆ ತೋಟದ ಕಡೆಯಿಂದಲೂ ಒಂದು ಬಾಗಿಲಿದೆ. ನೆಂಟರು ಹಾಲಿನಲ್ಲಿ ಕೂತಾಗ ವಿಮಲಾ ಆ ಕಡೆಯಿಂದ ಒಳಗೆ ಹೋಗಿ ಎರಡು ಸಲ ಕೆಮ್ಮಿ, ಗಡಸು ದನಿಯಲ್ಲಿ "ಹರಿ ಹರಿ" ಎಂದು, ಅಷ್ಟೇ ಬೇಗ ಅಡಿಗೆಮನೆಗೆ ಓಡಿ ಬಂದು ಸಾರು ಕದಡುತ್ತಾ ನಿಲ್ಲುವಳು. ಬಾಯಿಗೆ ಸೆರಗು ಅಡ್ಡ ಹಿಡಿದಿರುವಳು. ಅವಳ ಅಪ್ಪ ಹಾಗೆ ಕೆಮ್ಮುತ್ತಿದ್ದರಂತೆ.

ಗೇಟಿನ ಕಾವಲಿನ ಒಟಿಯೆನೋಗೂ ನಾನು ಒಂದೇ ಒಂದು ಕನ್ನಡ ವಾಕ್ಯ ಕಲಿಸಿದ್ದೆ. ನೆಂಟರ ಕಾರು ಬಂದ ಕೂಡಲೇ ಸೆಲ್ಯೂಟ್ ಹೊಡೆದು, ತುಟಿಗೆ ಬೆರಳಿಟ್ಟು, "ಶ್! ರಾಯರು ಮಲಗಿದ್ದಾರೆ" ಎನ್ನುವನು. ಆಫ್ರಿಕಾದ ಮನುಷ್ಯನ ಬಾಯಲ್ಲಿ ಹಾಸನದ ಕನ್ನಡ ಕೇಳಿದ ಮೇಲೆ ಯಾರಿಗೆ ಅನುಮಾನ ಬರುತ್ತದೆ? ದೊಡ್ಡ ದೊಡ್ಡ ಎಂಜಿನಿಯರುಗಳು ನಮ್ಮ ಮನೆಯಲ್ಲಿ ತುದಿಗಾಲಲ್ಲಿ ಓಡಾಡಿದ್ದಾರೆ. ವಾಪಸು ಹೋಗುವ ದಿನ, ಏರ್‌ಪೋರ್ಟಿನ ಬಾಗಿಲಲ್ಲಿ ಸೂಟ್‌ಕೇಸ್ ಇಳಿಸಿ, "ಅಂದ ಹಾಗೆ, ಆ ರೂಮಿನಲ್ಲಿ ಯಾರೂ ಇಲ್ಲ" ಎನ್ನುತ್ತಿದ್ದೆ. ಆಗ ಅವರ ಮುಖ ನೋಡಬೇಕಿತ್ತು ನೀವು. ಬಂದವರಲ್ಲಿ ಒಬ್ಬರೂ ಈ ಗುಟ್ಟನ್ನು ಊರಿನಲ್ಲಿ ಬಿಟ್ಟುಕೊಡಲಿಲ್ಲ. ತಾವು ಬಿದ್ದ ಹಳ್ಳಕ್ಕೆ ಮುಂದಿನವರೂ ಬೀಳಲಿ ಎಂಬ ಒಳ್ಳೆಯ ಮನಸ್ಸು.

ವಿಮಲಾ ಹೋದದ್ದು ಆಸ್ಪತ್ರೆಯಲ್ಲಿ, ಒಂದು ಜ್ವರಕ್ಕೆ. ಅದಾದ ಮೇಲೆ ಅವಳ ಹೊಲಿಗೆ ಮಷೀನು, ಸೀರೆ ಎಲ್ಲವನ್ನೂ ಹಿಂದಿನ ರೂಮಿನಲ್ಲಿಟ್ಟು, ಎರಡೂ ಬಾಗಿಲಿಗೆ ಬೀಗ ಹಾಕಿ, ಬೀಗದಕೈ ಗೊಂಚಲನ್ನು ಅಡಿಗೆಮನೆಯ ಮೊಳೆಗೆ ನೇತುಹಾಕಿದೆ. ಬಾಗಿಲ ಮುಂದಿನ ಚಪ್ಪಲಿ, ಸ್ಟೂಲು ಮಾತ್ರ ಅಲ್ಲೇ ಉಳಿದವು. ನೆಂಟರು ಆಮೇಲೂ ನೈರೋಬಿಗೆ ಬಂದರು, ನಮ್ಮ ಮನೆಗೆ ಬರಲಿಲ್ಲ. ಹೋಟೆಲಿನಿಂದ ಫೋನು ಮಾಡಿ, "ಒಬ್ರೇ ಇದ್ದೀರ, ನಿಮಗ್ಯಾಕೆ ತೊಂದರೆ" ಎನ್ನುತ್ತಿದ್ದರು. ತೊಂದರೆ ಕೊಡಿ ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ಎದುರಿಗೆ ಬೀಳುವವನಿಲ್ಲದಿದ್ದರೆ ತಮಾಷೆ ಮಾಡುವವನಷ್ಟು ದಂಡದ ಪ್ರಾಣಿ ಇನ್ನೊಂದಿಲ್ಲ. ಎಷ್ಟೋ ಸಂಜೆ ನಾನು ಟಿವಿ ಹಾಕಿಕೊಂಡು, ಅದಕ್ಕೆ ಬೆನ್ನು ಮಾಡಿ ಕೂತಿದ್ದೇನೆ, ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಲಿ ಎಂದು.

ಮೊಂಬಾಸಾಗೆ ಹೊಸ ರೈಲು ಶುರುವಾದ ವರ್ಷ, ಜಕರಂಡಾ ಹೂವು ಉದುರುವ ಹೊತ್ತಿಗೆ, ಶಾರದಕ್ಕ ಬಂದಳು. ನನ್ನ ಸ್ವಂತ ಅಕ್ಕ. ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ, ಬಾರಿಸಿ, ಬೆಳೆಸಿದವಳು. ಜನ್ಮದಲ್ಲಿ ಒಂದು ತಮಾಷೆ ಮಾಡಿದವಳಲ್ಲ, ನನ್ನ ತಮಾಷೆಗೆ ಒಂದು ಸಲವೂ ನಕ್ಕವಳಲ್ಲ. ಏರ್‌ಪೋರ್ಟಿನಲ್ಲಿ ನನ್ನ ಮುಖ ನೋಡಿದವಳೇ ಶುರು ಮಾಡಿದಳು.

"ನಾನು ಪ್ರಾಣಿಗೀಣಿ ನೋಡೋಕೆ ಬಂದಿಲ್ಲ ಕಣೋ. ನಿನ್ನ ಕರ್ಕೊಂಡು ಹೋಗೋಕೆ ಬಂದಿರೋದು. ಮಹಡಿ ಮನೆ ಖಾಲಿ ಮಾಡಿಸಿ ಸುಣ್ಣ ಹೊಡಿಸಿದೀನಿ. ಸಾಕು ಈ ಒಂಟಿ ಪಿಶಾಚಿ ಬಾಳು."

ಅಕ್ಕನಿಗೆ ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ಬರುತ್ತೇನೆ ಎನ್ನಲು ಮನಸ್ಸೂ ಇಲ್ಲ. ಮೈಸೂರಿನಲ್ಲಿ ಎಲ್ಲರೂ ಇದ್ದಾರೆ, ನಿಜ. ಆದರೆ ವಿಮಲಾ ಓಡಾಡಿದ ಅಡಿಗೆಮನೆ ಇರುವುದು ಲೊರೆಶೋದಲ್ಲಿ. ಇದನ್ನು ಅಕ್ಕನಿಗೆ ಹೇಳುವಷ್ಟು ಗಂಭೀರವಾದ ಮುಖ ನನಗಿಲ್ಲ.

ಕಾರು ಗೇಟಿಗೆ ಬಂತು. ಎಷ್ಟೋ ಕಾಲದ ಮೇಲೆ ಸೂಟ್‌ಕೇಸು, ಸೀರೆ, ಕುಂಕುಮ ಕಂಡ ಖುಷಿಗೆ ಒಟಿಯೆನೋ ಎದ್ದು ನಿಂತು ಸೆಲ್ಯೂಟ್ ಹೊಡೆದು, "ಶ್! ರಾಯರು ಮಲಗಿದ್ದಾರೆ" ಎಂದುಬಿಟ್ಟ. ವಿಮಲಾ ಹೋದ ಮೇಲೆ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

"ಯಾರೋ ಅದು ರಾಯರು?" ಅಕ್ಕ ಪಿಸುಗುಟ್ಟಿದಳು.

"ಯಾರೂ ಇಲ್ಲಕ್ಕ. ಅದೊಂದು ಹಳೇ ತಮಾಷೆ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಪ್ಪಲಿ, ಲೋಟ ಎಲ್ಲವನ್ನೂ ಹೇಳಿದೆ. ಕೆಮ್ಮಿನ ಮಾತು ಮಾತ್ರ ಎತ್ತಲಿಲ್ಲ, ಅದು ವಿಮಲಾಳದ್ದು.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಮಾತು ನಾನು ನಂಬಬೇಕಾ? ಅಮ್ಮನ ತಿಥಿ ದಿನ ಪುರೋಹಿತರು ಬಸ್ಸಿಂದ ಬಿದ್ರು ಅಂತ ಮನೆಮಂದೀನೆಲ್ಲ ಬಸ್ ಸ್ಟ್ಯಾಂಡಿಗೆ ಓಡಿಸಿದೋನು ನೀನು. ಮನೇಲಿರೋ ಹಿರಿಯರನ್ನ ಇಲ್ಲ ಅಂತೀಯಲ್ಲೋ, ತರಲೆ!"

"ಬೀಗ ತೆಗೆದು ತೋರಿಸ್ತೀನಿ ಬಾ."

"ಮಲಗಿರೋರ ಬಾಗಿಲು ತೆಗೀತಾನಂತೆ. ಸುಮ್ನಿರು."

ಬೀಗ ಕಂಡರೂ ಅವಳಿಗೆ ಅನುಮಾನ ಬರಲಿಲ್ಲ. ತೋಟದ ಕಡೆಯಿಂದ ಓಡಾಡುತ್ತಾರೆ, ಅಷ್ಟೇ ಎಂದು ತಾನೇ ತೀರ್ಮಾನಿಸಿದಳು. ಹೊರಗಿನ ಗಂಡಸರ ರೂಮಿಗೆ ಇಣುಕುವುದು ಅವಳ ಪದ್ಧತಿಯಲ್ಲ. ಹಾಗೆಯೇ ಮನೆಯಲ್ಲಿ ಹಿರಿಯರು ಉಣ್ಣದೆ ತಾನು ತುತ್ತು ಎತ್ತುವುದೂ ಅವಳ ಪದ್ಧತಿಯಲ್ಲ. ಮೊದಲ ದಿನವೇ ತಟ್ಟೆ ಮುಂದೆ ಕೂತು, "ಒಳಗಿನವರದ್ದು ಆಯ್ತಾ?" ಎಂದಳು. ಆಗಿಲ್ಲ ಎಂದರೆ ಉಣ್ಣುವುದಿಲ್ಲ, ಆಯಿತು ಎಂದರೆ ರಾಯರು ಇದ್ದಾರೆ ಎಂದು ಒಪ್ಪಿದ ಹಾಗೆ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಕೊನೆಗೆ ಅವಳೇ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೋಗಿ ಸ್ಟೂಲಿನ ಮೇಲಿಟ್ಟು, ಬಾಗಿಲು ತಟ್ಟಿ ಬಂದು ಊಟಕ್ಕೆ ಕೂತಳು.

ಸಂಜೆ ನೋಡುತ್ತೇನೆ, ಲೋಟ ಖಾಲಿ. ಮಗುಚಿಟ್ಟಿದೆ.

ಅಕ್ಕನೇ ಕುಡಿದು ಇಟ್ಟಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷದ ಸೇಡನ್ನು ಒಟ್ಟಿಗೆ ತೀರಿಸಿಕೊಳ್ಳುತ್ತಿದ್ದಾಳೆ, ಭಲೇ ಎಂದು ಒಳಗೊಳಗೇ ಖುಷಿಯೂ ಆಯಿತು. ಮನೆಯಲ್ಲಿ ಮತ್ತೆ ಒಂದು ಆಟ ನಡೆಯುತ್ತಿತ್ತಲ್ಲ! ಹಾಗೇ ದಿನಗಳು ಹೋದವು. ಕರೆನ್ ಬಡಾವಣೆ ಕಡೆ ಜಿರಾಫೆಗೆ ಕೈಯಲ್ಲಿ ತಿಂಡಿ ತಿನ್ನಿಸುವ ಜಾಗಕ್ಕೆ ಅಕ್ಕನನ್ನು ಕರೆದುಕೊಂಡು ಹೋದೆ. "ಇದಕ್ಕೂ ನಿನ್ನ ಹಾಗೇ, ಕತ್ತು ಉದ್ದ, ಬುದ್ಧಿ ಗಿಡ್ಡ" ಎಂದಳು. ಮನೆಗೆ ಬಂದವಳೇ ಮೊದಲು ಹಿಂದಿನ ರೂಮಿನ ಮುಂದೆ ಕಾಫಿ ಇಟ್ಟಳು. ಲೋಟ ಪ್ರತಿಸಲವೂ ಮಗುಚಿರುತ್ತಿತ್ತು. ನಾನು ಹೊಂಚು ಹಾಕಿದೆ, ಕೈಗೆ ಸಿಗಲಿಲ್ಲ. ಇಷ್ಟು ಚೆನ್ನಾಗಿ ಆಡುವವಳು ಇಷ್ಟು ದಿನ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಅನ್ನಿಸಿತು.

ಆಮೇಲೆ ಆ ಭಾನುವಾರ. ವರಾಂಡದಲ್ಲಿ ನಾನು ಮತ್ತು ಅಕ್ಕ ಎದುರುಬದುರು ಕೂತು ಬಟಾಣಿ ಬಿಡಿಸುತ್ತಿದ್ದೆವು. ಗೇಟಿನಲ್ಲಿ ಒಟಿಯೆನೋ ರೇಡಿಯೋಗೆ ಕಿವಿಯಿಟ್ಟು ಚರ್ಚಿನ ಹಾಡು ಕೇಳುತ್ತಿದ್ದದ್ದು ಕಾಣುತ್ತಿತ್ತು. ಮನೆಗೆಲಸದವಳಿಗೆ, ತೋಟದವನಿಗೆ ರಜ. ಅಕ್ಕ ಬಟಾಣಿ ಸಿಪ್ಪೆ ಕೆಳಗಿಟ್ಟು ಗಟ್ಟಿಯಾಗಿ ಹೇಳಿದಳು.

"ನೋಡು, ನಿನ್ನ ಟಿಕೆಟ್ ಇವತ್ತೇ ತೆಗಿ. ನನ್ನ ಜೊತೇಲೇ ಬರ್ತಿದೀಯ. ನಾನು ಸಾಯೋವಾಗ ನೀನು ಎಲ್ಲೋ ಒಬ್ನೇ ಇದೀಯ ಅಂತ ಯೋಚನೆ ಮಾಡ್ಕೊಂಡು ಸಾಯೋಕೆ ನನ್ನ ಕೈಲಾಗಲ್ಲ."

ಅದಕ್ಕೆ ಯಾವ ತಮಾಷೆ ಹೇಳಲಿ? ಆಯಿತಕ್ಕ ಎನ್ನಲು ಬಾಯಿ ತೆರೆದಿದ್ದೆ. ಇನ್ನು ಈ ಮನೆ ಮುಗಿಯಿತು ಎಂದು ಮನಸ್ಸಿನಲ್ಲಿ ಆಗಿಯೂ ಹೋಗಿತ್ತು.

ಹಿಂದಿನ ರೂಮಿನಲ್ಲಿ ಕೆಮ್ಮು ಕೇಳಿಸಿತು. ಎರಡು ಸಲ. ಆಮೇಲೆ ಗಡಸು ದನಿಯಲ್ಲಿ, "ಹರಿ ಹರಿ."

ಅಕ್ಕ ನನ್ನ ಎದುರಿಗೇ ಇದ್ದಳು. ಅವಳ ತುಟಿ ಅಲ್ಲಾಡಲಿಲ್ಲ. ಕೈಯಲ್ಲಿ ಬಟಾಣಿಕಾಯಿ ಇತ್ತು. ನನ್ನ ತೊಡೆಯ ಮೇಲಿನ ಬೋಗುಣಿ ಜಾರಿ ಕಾಳೆಲ್ಲ ನೆಲದ ತುಂಬ ಉರುಳಿತು. ನಾನು ಎದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು.

"ಯಾಕೋ ಹಾಗೆ ಬೆವರ್ತೀಯ? ದಿನಾ ಇದೇ ಹೊತ್ತಿಗೆ ಕೆಮ್ತಾರೆ, ಪಾಪ. ನೀನು ಗೊರಕೆ ಹೊಡೀತಿರ್ತೀಯ, ನಿಂಗೆಲ್ಲಿ ಗೊತ್ತಾಗ್ಬೇಕು. ಇರು, ಒಂದಿಷ್ಟು ಮೆಣಸಿನ ಕಷಾಯ ಮಾಡ್ತೀನಿ."

ಅವಳು ಒಳಗೆ ಹೋದಳು. ನಾನು ನೆಲದ ಮೇಲೆ ಕೂತು ಕಾಳು ಆರಿಸಿದೆ. ಟಿಕೆಟ್ಟಿನ ಮಾತು ಆ ದಿನ ಮತ್ತೆ ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ.

ಹೊರಡುವ ದಿನ, ಸಂಜೆಯ ವಿಮಾನಕ್ಕೆ ಅವಳನ್ನು ಬಿಡಲು ಹೋದೆ. ಏರ್‌ಪೋರ್ಟಿನ ಬಾಗಿಲು, ನಾನು ಎಲ್ಲರ ಮುಖ ನೋಡಿ ನಗುತ್ತಿದ್ದ ಅದೇ ಜಾಗ. ಸೂಟ್‌ಕೇಸ್ ಇಳಿಸಿದೆ. ಅಕ್ಕ ನನ್ನ ಕೆನ್ನೆ ಮುಟ್ಟಿದಳು.

"ಕರ್ಕೊಂಡು ಹೋಗೋಣ ಅಂತಲೇ ಬಂದೆ. ಆದ್ರೆ ಆ ವಯಸ್ಸಾದೋರನ್ನ ಬಿಟ್ಟು ನೀನು ಹೆಂಗೆ ಬರ್ತೀಯ? ಇರ್ಲಿ ಬಿಡು. ನೀನು ಒಬ್ನೇ ಇಲ್ವಲ್ಲ, ನಂಗೆ ಅಷ್ಟು ಸಾಕು. ಅವರ ಕಾಫಿಗೆ ಸಕ್ಕರೆ ಕಮ್ಮಿ ಹಾಕು."

ಆ ರೂಮಿನಲ್ಲಿ ಯಾರೂ ಇಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲ ಎಷ್ಟು ಗತ್ತಿನಿಂದ ಹೇಳಿದ್ದೆ! ಅವತ್ತು ಬರಲಿಲ್ಲ. "ಹೋಗಿ ಬಾ ಅಕ್ಕ" ಎಂದೆ. ಗಾಜಿನ ಬಾಗಿಲು ದಾಟಿದ ಮೇಲೆ ಒಂದು ಸಲ ತಿರುಗಿ ನೋಡಿದಳು. ನಗುತ್ತಿದ್ದಳೋ ಇಲ್ಲವೋ, ಗಾಜಿನ ಮೇಲೆ ಬೆಳಕು ಬಿದ್ದು ಕಾಣಲಿಲ್ಲ.

ಗೇಟಿನಲ್ಲಿ ಕಾರು ನಿಲ್ಲಿಸಿ ಒಟಿಯೆನೋನನ್ನು ಸ್ವಾಹಿಲಿಯಲ್ಲಿ ಕೇಳಿದೆ, ತೋಟದ ಕಡೆ ಯಾರಾದರೂ ಬಂದು ಹೋಗಿ ಮಾಡುತ್ತಿದ್ದರಾ ಎಂದು. "ಹಕುನಾ, ಯಾರೂ ಇಲ್ಲ ಬಾಸ್" ಎಂದ. ಹಾಗಾದರೆ ಅವತ್ತು ರಾಯರು ಮಲಗಿದ್ದಾರೆ ಎಂದೆಯಲ್ಲ, ಯಾಕೆ? "ನೀವೇ ಕಲಿಸಿದ್ದಲ್ವಾ?" ಎಂದು ನಕ್ಕ.

ನೆಂಟರು ಹೊರಟ ಮೇಲೆ ಅವತ್ತೇ ಮನೆ ಗುಡಿಸಬಾರದು ಎನ್ನುತ್ತಿದ್ದಳು ವಿಮಲಾ. ಗುಡಿಸಲಿಲ್ಲ. ಕುರ್ಚಿ ಕೆಳಗೆ ಉರುಳಿ ಉಳಿದ ಬಟಾಣಿ ಕಾಳು, ಅಕ್ಕನ ಕಾಲಿಗಂಟಿ ಬಂದ ಜಕರಂಡಾ ಹೂವು ಎಲ್ಲ ಇದ್ದಲ್ಲೇ ಇದ್ದವು. ಮೊಳೆಯಿಂದ ಬೀಗದಕೈ ತೆಗೆದು ಹಿಂದಿನ ರೂಮಿಗೆ ಹೋಗಿ ಬಾಗಿಲು ತೆರೆದೆ. ಹೊಲಿಗೆ ಮಷೀನು, ಸುತ್ತಿಟ್ಟ ಹಾಸಿಗೆ, ಮುಟ್ಟಿದ ಗುರುತಿಲ್ಲದ ಧೂಳು. ಯಾರೂ ಇರಲಿಲ್ಲ. "ಸೋತೆ ಕಣೇ" ಎಂದು ಹೇಳಿ ಬಾಗಿಲು ಹಾಕಿಕೊಂಡು ಬಂದೆ.

ಅಕ್ಕ ಈಗಲೂ ಪ್ರತಿವಾರ ಫೋನು ಮಾಡುತ್ತಾಳೆ. ರಾಯರು ಹೇಗಿದ್ದಾರೆ ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರೆ ಎನ್ನುತ್ತೇನೆ. ಆಯುಷ್ಯವೆಲ್ಲ ಸುಳ್ಳು ಹೇಳಿದವನು ನಾನು, ಇದು ಸುಳ್ಳೋ ನಿಜವೋ ನನಗೇ ತಿಳಿಯುವುದಿಲ್ಲ. ಅಕ್ಕ ಆಡಿದಳು ಎನ್ನೋಣವೆಂದರೆ ಅವಳು ನನ್ನ ಕಣ್ಣ ಮುಂದಿದ್ದಳು. ನನ್ನ ಕಿವಿ ಆಡಿತು ಎನ್ನೋಣವೆಂದರೆ ಅಕ್ಕನೂ ಕೇಳಿಸಿಕೊಂಡಳು. ನಿಮಗೆ ಏನಾದರೂ ಹೊಳೆದರೆ ಹೊಳೆಯಲಿ, ನನಗಂತೂ ಹೊಳೆದಿಲ್ಲ. ನೈರೋಬಿ ಕಡೆ ಬಂದರೆ ಹೋಟೆಲಿಗೆ ಹೋಗಬೇಡಿ, ಮನೆಗೆ ಬನ್ನಿ. ಮೆಲ್ಲಗೆ ಮಾತಾಡಿದರೆ ಸಾಕು.

ಇಷ್ಟರಲ್ಲಿ ಒಂದೇ ಒಂದು ವಿವರ ನಾನು ಕಟ್ಟಿದ್ದು. ಕೆಮ್ಮು ಅಂತೀರಾ? ಅಲ್ಲ. ಲೋಟವೂ ಅಲ್ಲ. ಆ ಸಂಜೆ ಬಾಗಿಲು ತೆರೆದೆ, ಒಳಗೆ ಯಾರೂ ಇರಲಿಲ್ಲ ಎಂದೆನಲ್ಲ, ಅದು. ಬೀಗದಕೈ ಮೊಳೆಯಲ್ಲೇ ಇದೆ. ನಾನು ಆ ಬಾಗಿಲು ತೆರೆಯಲೇ ಇಲ್ಲ.